ಎಲ್ಲಿಗೂ ಹೋಗದ ಗೆರೆ

ಆ ಭಾನುವಾರ ಜಯನಗರದ ಮನೆಯಲ್ಲಿ ಏಳನೇ ತರಗತಿಯ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗೇಟಿನ ಹತ್ತಿರ ಅಪರಿಚಿತ ಯುವಕನೊಬ್ಬ ನಿಂತಿದ್ದ. ಪಕ್ಕದ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ, ಧಾರವಾಡದ ಕಡೆಯವನು.

"ಸುಮಾ ಮೇಡಂ ಅದಾರೇನ್ರಿ?"

ನನ್ನ ಹೆಂಡತಿ ಸುಮಾ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹೇಳಿ ಹೇಳಿ ದಣಿದಿದ್ದ ಆ ವಾಕ್ಯವನ್ನು ಮತ್ತೊಮ್ಮೆ ಹೇಳಿದೆ. ಅವನು ಚೀಲದಿಂದ ಎರಡು ಸರ್ಕ್ಯೂಟ್ ಬೋರ್ಡು ತೆಗೆದು ತೋರಿಸಿದ.

ಟಿವಿಗೆ ಜೋಡಿಸುವ ಹಳೆಯ ಕಂಪ್ಯೂಟರುಗಳನ್ನು ಬಿಡಲಾರದವರ ಗುಂಪೊಂದಿತ್ತು. ಅವುಗಳಿಗೆ ಬೇಕಾದ ಮೊದಲ ಸರ್ಕ್ಯೂಟ್ ಬೋರ್ಡನ್ನು ಸುಮಾ ಮನೆಯಲ್ಲೇ ಮಾಡಿದ್ದಳು. ತಾಮ್ರದ ತಗಡಿನ ಮೇಲೆ ಉಗುರುಬಣ್ಣದಲ್ಲಿ ಗೆರೆ ಎಳೆದು ತಾಮ್ರ ಕರಗಿಸುವ ದ್ರಾವಣದಲ್ಲಿ ಅದ್ದಿದರೆ, ಬಣ್ಣವಿದ್ದಲ್ಲಿ ಮಾತ್ರ ತಾಮ್ರ ಉಳಿಯುತ್ತದೆ. ಒಂದು ಪಡೆದವರು ಅದನ್ನು ನೋಡಿಕೊಂಡು ಎರಡು ಮಾಡಿ ಹಂಚಬೇಕೆಂಬುದು ಅವರ ಪದ್ಧತಿ. ಅವನು ತನ್ನ ಎರಡನ್ನು ಅವಳಿಗೆ ತೋರಿಸಲು ಬಂದಿದ್ದ.

"ಸರ್, ಈ ಮೂಲ್ಯಾಗಿನ ಗೆರಿ ಯಾವುದಕ್ಕೂ ಕೂಡಂಗಿಲ್ಲ. ಯಾಕ್ ಹಾಕ್ಯಾರಂತ ಗೊತ್ತೇನ್ರಿ? ತಗದ್ರ ಮಷೀನ್ ನಡೀಲಿಕ್ಕಿಲ್ಲಂತ ಹೆದರಿ ನಾವ್ಯಾರೂ ತಗದಿಲ್ರಿ."

ನನಗೆ ಗೊತ್ತಿತ್ತು. ಅವಳು ಆ ಮೊದಲ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದಾಗ ನಾನು ಬೀಗದ ಕೈ ಹುಡುಕುತ್ತ ಬಂದು ಮೇಜಿಗೆ ತಾಗಿದ್ದೆ. ಕುಂಚ ಜಾರಿತು.

"ಇದು ನಿಮ್ ಗೆರೆ ರೀ," ಎಂದು ನಕ್ಕಿದ್ದಳು. "ಎಲ್ಲಿಗೂ ಹೋಗಲ್ಲ, ಯಾರಿಗೂ ತೊಂದರೆ ಕೊಡಲ್ಲ. ಇರ್ಲಿ ಬಿಡಿ."

ತಪ್ಪು ಕಂಡಲ್ಲಿ ಗುರುತು ಹಾಕುವುದು ನನ್ನ ಕೆಲಸ. ಕೆಂಪು ಪೆನ್ನು ಇನ್ನೂ ಕೈಯಲ್ಲೇ ಇತ್ತು.

"ತೆಗೀಬೇಡಿ," ಎಂದೆ.

"ಆತ್ರಿ ಸರ್. ಮುಂದಿನವರಿಗೂ ಹೇಳ್ತೀನಿ."

ಅವನು ತಂದ ಎರಡೂ ಸೇರಿ ಆ ಗೆರೆಯಿರುವ ಬೋರ್ಡುಗಳು ಆಗ ಊರಲ್ಲಿ ನಲವತ್ತೊಂದು ಇದ್ದವು.