ಇಳಿಯದೆ ಬರೆದ ಒಂಬತ್ತನೇ ತೀರ

ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಪ್ರವಾಸ ಕಚೇರಿ. ಒಳಕೋಣೆಯ ಗೋಡೆಯ ಮೇಲೆ ಇಡೀ ಕರಾವಳಿಯ ನಕ್ಷೆ, ಅದರ ಉದ್ದಕ್ಕೂ ಕೆಂಪು ತಲೆಯ ಗುಂಡುಪಿನ್ನುಗಳು. ಆ ಪಿನ್ನುಗಳನ್ನು ಚುಚ್ಚುವ, ಕೀಳುವ ಅಧಿಕಾರವಿದ್ದದ್ದು ಒಬ್ಬಳಿಗೇ. ಅವಳನ್ನು ಎಲ್ಲರೂ ತೀರದಕ್ಕ ಎನ್ನುತ್ತಿದ್ದರು. ಪ್ರತಿ ವರ್ಷ ಪ್ರವಾಸಿಗರು ಬರುವ ಕಾಲಕ್ಕೆ ಮೊದಲು ಒಂದಿಷ್ಟು ಬಸ್ಸಿನಲ್ಲಿ, ಮಿಕ್ಕಿದ್ದು ಕಾಲ್ನಡಿಗೆಯಲ್ಲಿ ಕರಾವಳಿಯನ್ನೆಲ್ಲ ಸುತ್ತಿ, ಹೋಗಲೇಬೇಕಾದ ಹದಿನಾಲ್ಕು ಕಡಲತೀರಗಳನ್ನು ಆರಿಸುವುದು ಅವಳ ಕೆಲಸ. ಅವು ಪುಸ್ತಿಕೆಯಾಗಿ ಅಚ್ಚಾಗಿ ಹೋಟೆಲು, ಬಸ್ ನಿಲ್ದಾಣಗಳಲ್ಲಿ ಕೂರುತ್ತಿದ್ದವು. "ತೀರದಕ್ಕನ ಕೆಲಸ ತೀರೋದೇ ಇಲ್ಲ" ಎಂದು ಯಜಮಾನರು ವರ್ಷಕ್ಕೊಮ್ಮೆ ಅದೇ ನಗೆಮಾತು ಹೇಳುತ್ತಿದ್ದರು. ಅವಳೂ ವರ್ಷಕ್ಕೊಮ್ಮೆ ನಗುತ್ತಿದ್ದಳು.

ನಿಜ ಹೇಳಬೇಕೆಂದರೆ ಅವಳಿಗೆ ಕಡಲು ಕಂಡರೆ ಹೆದರಿಕೆ. ಈಜು ಬರುತ್ತಿರಲಿಲ್ಲ, ಮೊಣಕಾಲಿನಿಂದ ಮೇಲಕ್ಕೆ ನೀರು ಬಂದರೆ ಉಸಿರು ಕಟ್ಟುತ್ತಿತ್ತು. ಅಂಜುಬುರುಕಿಯಾದ್ದರಿಂದಲೇ ಅವಳ ಆಯ್ಕೆಯನ್ನು ಕಣ್ಣು ಮುಚ್ಚಿ ನಂಬಬಹುದಾಗಿತ್ತು. ಧೈರ್ಯಸ್ಥರು ಕಡಲಲ್ಲಿ ಚೆಂದ ನೋಡುತ್ತಾರೆ, ಅವಳು ನೋಡುತ್ತಿದ್ದದ್ದು ಅದು ಎಲ್ಲಿ ಮನುಷ್ಯನನ್ನು ಎಳೆದುಕೊಂಡೀತು ಎಂಬುದನ್ನು. ಚೀಲದಲ್ಲಿ ಯಾವಾಗಲೂ ನಾಲ್ಕು ಕಿತ್ತಳೆಹಣ್ಣು ಇರುತ್ತಿದ್ದವು. ಒಂದೊಂದನ್ನೇ ನೀರಿಗೆ ಎಸೆದು, ಗಡಿಯಾರ ಹಿಡಿದು ನಿಲ್ಲುತ್ತಿದ್ದಳು. ಹಣ್ಣು ಅಲೆಯ ಜೊತೆ ದಡಕ್ಕೆ ಬಂದರೆ ಸರಿ. ದಡ ಬಿಟ್ಟು ಒಳಕ್ಕೆ ಹೊರಟರೆ ಅಲ್ಲಿ ಸೆಳವಿದೆ ಎಂದು ಅರ್ಥ; ಆ ತೀರದ ಪಿನ್ನು ಅವತ್ತೇ ಕೀಳಬೇಕು. ಮೋಸವೆಂದರೆ, ಸೆಳವು ಇರುವ ಕಡೆಯಲ್ಲೇ ನೀರು ಸಾಧುವಾಗಿ ಕಾಣುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆದು ನೊರೆ ಕಾರುತ್ತಿದ್ದರೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ. ಮಕ್ಕಳನ್ನು ಕರೆತಂದವರು ಸೀದಾ ಅಲ್ಲಿಗೇ ಇಳಿಯುತ್ತಾರೆ.

ಇಷ್ಟೆಲ್ಲ ಗೊತ್ತಿದ್ದವಳು ಆ ವರ್ಷ ಒಂಬತ್ತನೇ ತೀರಕ್ಕೆ ಇಳಿಯಲೇ ಇಲ್ಲ.

ಅದು ಹೊಸದಾಗಿ ಸೇರಿಸಬೇಕಾಗಿದ್ದ ತೀರ. ಎತ್ತರದ ಬಂಡೆಯಂಚಿನಿಂದ ಕೆಳಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು. ಅವಳ ಎಡಮೊಣಕಾಲು ಆಗ ಬಾತು ಕುಂಬಳಕಾಯಿಯಾಗಿತ್ತು. ಮಾರನೇ ದಿನವೇ ಪುಸ್ತಿಕೆ ಅಚ್ಚಿಗೆ ಹೋಗಬೇಕಿತ್ತು. ಮೇಲೆ ನಿಂತು ನೋಡಿದಳು: ಕುಡುಗೋಲಿನಂತೆ ಬಾಗಿದ ಬಿಳಿ ಮರಳು, ಹಸಿರು ನೀರು, ಎರಡೂ ತುದಿಗೆ ಕಪ್ಪು ಬಂಡೆ. ಇಂಥ ಚೆಂದದ ಜಾಗ ಇನ್ನೊಂದಿರಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ; ದೂರದ ಕಡಲೂ ಹಾಗೆಯೇ. ಮೆಟ್ಟಿಲಿನ ತಲೆಯಲ್ಲಿದ್ದ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ನಮೂನೆ ತುಂಬಿದಳು. 'ಸೆಳವು ಪರೀಕ್ಷಿಸಲಾಗಿದೆಯೇ?' ಎಂಬಲ್ಲಿ ಹೌದು ಎಂದು ಗುರುತು ಹಾಕಿದಳು. 'ಮಕ್ಕಳಿಗೆ ಸೂಕ್ತ' ಎಂದು ಬರೆದಳು. ಹದಿನೇಳು ವರ್ಷದ ಚಾಕರಿಯಲ್ಲಿ ಅದೊಂದೇ ಸುಳ್ಳು.

ಯಜಮಾನರು ಆ ತೀರದ ಚಿತ್ರವನ್ನೇ ಮುಖಪುಟಕ್ಕೆ ಹಾಕಿಸಿದರು.

ಪುಸ್ತಿಕೆ ಕೈಗೆ ಬಂದ ದಿನ ಅವಳು ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಒಂದು ವಾರ ಹೇಗೋ ಕಳೆಯಿತು. ಕಚೇರಿಯಲ್ಲಿ ಫೋನು ರಿಂಗಾದರೆ ಬೇರೆ ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದಳು. ಯಾರೋ ಬೇರೇನೋ ವಿಷಯಕ್ಕೆ "ಹಾಗೆ ಮಾಡಬಾರದಿತ್ತು" ಅಂದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳ ಮುಖ ಕಪ್ಪಿಡುತ್ತಿತ್ತು. ಗಂಡ ದರ್ಜಿ, ಮಿತಭಾಷಿ. ತಟ್ಟೆಯ ಮುಂದೆ ಕೈ ಆಡಿಸುತ್ತ ಕೂರುವ ಹೆಂಡತಿಯನ್ನು ನೋಡಿ, ಮೊಣಕಾಲು ಇನ್ನೂ ನೋಯುತ್ತಿದೆಯೇ ಎಂದು ಕೇಳಿದ. ಹೌದು ಅಂದಳು. ಅದು ಪೂರ್ತಿ ಸುಳ್ಳಲ್ಲ.

ಕಡೆಗೆ ಅವಳು ಆ ಟೀ ಅಂಗಡಿಯವಳಿಗೆ ಫೋನು ಮಾಡತೊಡಗಿದಳು. ಕಚೇರಿಗೆ ಲೆಕ್ಕ ಬೇಕು ಎಂಬುದು ನೆಪ. ದಿನವೂ ಸಂಜೆ ಐದಕ್ಕೆ ಎರಡೇ ಪ್ರಶ್ನೆ: ಇವತ್ತು ಎಷ್ಟು ಜನ ಇಳಿದರು? ಎಷ್ಟು ಜನ ಹತ್ತಿದರು?

ಟೀ ಅಂಗಡಿಯವಳು ಮೂರು ದಿನ ಉತ್ತರ ಕೊಟ್ಟು ನಾಲ್ಕನೇ ದಿನ ನಕ್ಕಳು. "ಇಳಿದೋರು ಹತ್ತದೆ ಎಲ್ಲಿಗೆ ಹೋಗ್ತಾರಕ್ಕಾ?"

ತೀರದಕ್ಕನಿಗೆ ನಗು ಬರಲಿಲ್ಲ. ಮಾರನೇ ದಿನ ಐದಕ್ಕೆ ಮತ್ತೆ ಫೋನು ಮಾಡಿದಳು.

ರಜಾದಿನಗಳು ಶುರುವಾದವು. ಒಂದು ಶನಿವಾರ ಸಂಜೆಯತನಕ ತಡೆಯಲಾರದೆ ಬೆಳಿಗ್ಗೆ ಹತ್ತೂವರೆಗೇ ಫೋನು ಮಾಡಿದಳು. ಹೊತ್ತು ಹುಟ್ಟುವ ಮೊದಲೇ ಬಂದಿದ್ದ ಗುಂಪೊಂದು ಆಗಲೇ ಮೇಲೆ ಬಂದಿತ್ತು. ಟೀ ಅಂಗಡಿಯವಳು ಎಣಿಸಿ ಹೇಳಿದಳು, ಇಳಿದದ್ದು ಹನ್ನೊಂದು, ಹತ್ತಿದ್ದು ಹತ್ತು. ಆಮೇಲೆ ತಾನೇ ಅನುಮಾನಪಟ್ಟು, "ಇರಿ, ನಾನೇ ತಪ್ಪು ಎಣಿಸಿರಬೇಕು" ಅಂದಳು. ಅಷ್ಟರಲ್ಲಿ ಗಿರಾಕಿಗಳು ಬಂದರೋ ಏನೋ, ಮಾತು ಕಡಿಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ತೀರದಕ್ಕ ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಓಡಿದಳು. ಒಂದೂವರೆ ಗಂಟೆಯ ದಾರಿ. ಮುಂದಿನ ಸೀಟಿನ ಕಂಬಿಯನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ಇಳಿಯುವಾಗ ಬೆರಳುಗಳು ಬಿಚ್ಚಲೊಲ್ಲವು. ಆ ಹನ್ನೊಂದನೆಯವರು ಯಾರು? ಗಂಡಸೋ, ಹೆಂಗಸೋ, ಮಗುವೋ? ಪಕ್ಕದಲ್ಲಿ ಕೂತಿದ್ದ ಅಜ್ಜಿ, ಯಾಕಮ್ಮ ಮೈಗೆ ಹುಷಾರಿಲ್ವಾ ಎಂದು ಕೇಳಿ ಕಿಟಕಿ ತೆರೆದು ಕೊಟ್ಟಳು. ಕಿಟಕಿಯಾಚೆ ಉದ್ದಕ್ಕೂ ಕಡಲು, ಬಿಸಿಲಿಗೆ ಕಣ್ಣು ಚುಚ್ಚುವಂತೆ ಹೊಳೆಯುತ್ತಿತ್ತು. ಅವಳು ತಲೆ ತಗ್ಗಿಸಿಕೊಂಡು ಕಾಲಬೆರಳುಗಳನ್ನೇ ನೋಡುತ್ತ ಕೂತಳು.

ಟೀ ಅಂಗಡಿಯವಳು ಅವಳನ್ನು ಕಂಡು ಗಾಬರಿಯಾದಳು. ಹನ್ನೊಂದನೆಯವನು ಎಲ್ಲರಿಗಿಂತ ಮೊದಲೇ ಮೇಲೆ ಬಂದು, ಅಂಗಡಿಯ ಹಿಂದೆ ನೆರಳಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದನಂತೆ; ಗುಂಪಿನವರು ಎಬ್ಬಿಸಿ ಕರೆದುಕೊಂಡು ಹೋದರಂತೆ. ಇದನ್ನು ಕೇಳಿ ತೀರದಕ್ಕ ಬೆಂಚಿನ ಮೇಲೆ ಕೂತಳು. ಹೋದ ಜೀವ ಬಂದಂತಾಯಿತು. ಒಂದು ಲೋಟ ನೀರು ಕುಡಿದು, ಹಾಗೇ ಕೆಳಗೆ ನೋಡಿದಳು.

ಮರಳಿನ ಮೇಲೆ ಮೂವರಿದ್ದರು. ದಪ್ಪನೆಯ ಒಬ್ಬ ಗಂಡಸು, ಇಬ್ಬರು ಹೆಣ್ಣುಮಕ್ಕಳು. ಅವತ್ತಿನಷ್ಟೇ ಎತ್ತರದಿಂದ, ಆದರೆ ಈಗ ಭಯದ ಕಣ್ಣಿನಿಂದ ನೋಡುತ್ತಿದ್ದದ್ದರಿಂದ, ಅವತ್ತು ಕಾಣದೇ ಹೋದದ್ದು ಕಂಡಿತು. ತೀರದ ನಟ್ಟನಡುವೆ ನೊರೆಯಿಲ್ಲದ ಒಂದು ಪಟ್ಟಿ, ಸುತ್ತಲಿನ ನೀರಿಗಿಂತ ಒಂದಿಷ್ಟು ಮಂಕು. ಆ ಮೂವರು ಟವಲು ಹಾಸಿದ್ದು ಸರಿಯಾಗಿ ಅದರ ಎದುರಿಗೆ.

ಮೊಣಕಾಲು ಏನಾಯಿತೋ ಅವಳಿಗೆ ನೆನಪಿಲ್ಲ. ನೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಗಂಡಸು ಅಂಗಿ ಬಿಚ್ಚಿ, ಮಕ್ಕಳಿಗೆ ಅಲ್ಲೇ ಇರಿ ಎಂದು ಕೈಮಾಡಿ, ನೀರಿಗೆ ಇಳಿದಿದ್ದ. ಇವಳು ಕೂಗಿದ್ದು ಗಾಳಿಗೆ ಹೋಯಿತು. ಕೊನೆಯ ಮೆಟ್ಟಿಲು ದಾಟಿ ಮರಳಿಗೆ ಕಾಲಿಟ್ಟಾಗ ಅವನ ತಲೆ ದಡದಿಂದ ಐವತ್ತು ಮಾರು ಆಚೆಗಿತ್ತು. ದಡದ ಕಡೆಗೇ ಮುಖ ಮಾಡಿ ಕೈ ಬೀಸುತ್ತಿದ್ದ; ಬೀಸಿದಷ್ಟೂ ಹಿಂದಕ್ಕೆ ಹೋಗುತ್ತಿದ್ದ.

ಹನ್ನೆರಡು ವರ್ಷದ ದೊಡ್ಡವಳು ಕೈಯಲ್ಲಿ ಪುಸ್ತಿಕೆ ಹಿಡಿದು ನಿಂತಿದ್ದಳು. "ಅಪ್ಪ ಆಟ ಆಡ್ತಿದಾರೆ" ಎಂದು ತಂಗಿಗೆ ಹೇಳುತ್ತಿದ್ದಳು. ಆದರೆ ಅವಳ ದನಿ ನಡುಗುತ್ತಿತ್ತು.

ತೀರದಕ್ಕನಿಗೆ ಈಜು ಬರುವುದಿಲ್ಲ. ಹಗ್ಗವಿಲ್ಲ, ದೋಣಿಯಿಲ್ಲ. ಗೊತ್ತಿದ್ದದ್ದು ಒಂದೇ: ಸೆಳವು ಹೊಳೆಯ ಹಾಗೆ, ಅದಕ್ಕೂ ಅಗಲ ಅಂತ ಒಂದಿದೆ. ಎದುರು ಈಜಿದವನು ಸೋಲುತ್ತಾನೆ. ಅಡ್ಡಕ್ಕೆ ಈಜಿದವನು ದಾಟುತ್ತಾನೆ. ಅದನ್ನು ಅವನಿಗೆ ಹೇಳುವುದು ಹೇಗೆ?

ಟವಲುಗಳನ್ನು ಎತ್ತಿ ಹುಡುಗಿಯರ ಕೈಗೆ ಒಂದೊಂದು ಕೊಟ್ಟಳು, ತಾನೊಂದು ಹಿಡಿದಳು. "ಅಪ್ಪನ್ನೇ ನೋಡ್ತಾ ನನ್ನ ಜೊತೆ ನಡೀರಿ. ಬೀಸ್ತಾ ನಡೀರಿ. ನಿಲ್ಲಬೇಡಿ" ಅಂದಳು.

ಮೂವರೂ ಬಲಗಡೆಗೆ, ದಡದಗುಂಟ ಟವಲು ಬೀಸುತ್ತ ನಡೆದರು. ಚಿಕ್ಕವಳು ಅಳುತ್ತಲೇ ಬೀಸಿದಳು. ಮೊದಮೊದಲು ಅವನಿಗೆ ತಿಳಿಯಲಿಲ್ಲ. ಮಕ್ಕಳು ತನ್ನನ್ನು ಬಿಟ್ಟು ಹೋಗುತ್ತಿದ್ದಾರೆ ಎಂದುಕೊಂಡನೋ ಏನೋ, ದಿಕ್ಕು ಬದಲಿಸಿ ಅವರ ಹಿಂದೆಯೇ ಅಡ್ಡಡ್ಡ ಕೈ ಹಾಕತೊಡಗಿದ. ಒಮ್ಮೆ ತಲೆ ಕಾಣಿಸಲಿಲ್ಲ. ತೀರದಕ್ಕ ಎಣಿಸಿದಳು, ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಮತ್ತೆ ಕಂಡಿತು. ಅವಳು ನಿಲ್ಲದೆ ನಡೆದಳು. ತಾನು ನಿಂತರೆ ಅವನೂ ನಿಂತುಬಿಡುತ್ತಾನೆ ಅನ್ನಿಸಿತ್ತು. ಕಪ್ಪು ಬಂಡೆಯ ಹತ್ತಿರ ಬಂದಾಗ ದೊಡ್ಡ ಅಲೆಯೊಂದು ಅವನ ಬೆನ್ನ ಹಿಂದೆ ಎದ್ದು, ಒಡೆದು, ಅವನನ್ನು ಉರುಳಿಸಿಕೊಂಡು ದಡಕ್ಕೆ ತಂದು ಹಾಕಿತು.

ಅವನು ಅಂಗೈ ಊರಿ ಬಹಳ ಹೊತ್ತು ಉಪ್ಪುನೀರು ಕಾರಿದ. ಗಡಿಯಾರ ರಿಪೇರಿಯವನು. ಹೊಳೆಯಲ್ಲಿ ಈಜಿ ಬೆಳೆದವನಂತೆ; ಮಕ್ಕಳು ಇಳಿಯುವ ಮೊದಲು ಆಳ ಎಷ್ಟಿದೆ ನೋಡೋಣವೆಂದು ಇಳಿದಿದ್ದನಂತೆ. "ಪುಸ್ತಕದಲ್ಲಿ ಮಕ್ಕಳಿಗೆ ಸೂಕ್ತ ಅಂತ ಹಾಕಿದಾರಲ್ಲಮ್ಮ" ಅಂದ, ಯಾರನ್ನೂ ದೂರದೆ, ಅರ್ಥವಾಗದವನ ಹಾಗೆ.

ಸುಮ್ಮನಿರಬಹುದಿತ್ತು. ಅವನ ಪಾಲಿಗೆ ಅವಳು ಜೀವ ಉಳಿಸಿದ ತಾಯಿ. ತೀರದಕ್ಕನಿಗೆ ಕಡಲಿಗಿಂತ ಹೆಚ್ಚಿನ ಹೆದರಿಕೆ ಆದದ್ದು ಆಗಲೇ.

"ಅದನ್ನ ಬರೆದೋಳು ನಾನೇ" ಅಂದಳು. "ಮೇಲೆ ಕೂತು ಬರೆದೆ. ಕೆಳಗೆ ಇಳಿದು ನೋಡ್ಲಿಲ್ಲ."

ಅವನು ತಲೆಯೆತ್ತಿ ಅವಳನ್ನು ನೋಡಿದ. ಬೈಯಲಿಲ್ಲ. ಇಬ್ಬರು ಮಕ್ಕಳನ್ನೂ ಬಳಿಗೆಳೆದುಕೊಂಡು, ಅವರ ತೋಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಬೈದಿದ್ದರೇ ಚೆನ್ನಾಗಿತ್ತು.

ದೊಡ್ಡವಳು ಒದ್ದೆಯಾದ ಪುಸ್ತಿಕೆಯನ್ನು ತಿರುವಿ ಇನ್ನೊಂದು ಪುಟ ತೆಗೆದಳು. "ಆಂಟಿ, ನಾಳೆ ನಾವು ಆರನೇದಕ್ಕೆ ಹೋಗಬೇಕು. ಅದನ್ನ ಇಳಿದು ನೋಡಿದೀರಾ?"

"ನೋಡಿದೀನಿ."

"ನಿಜವಾಗ್ಲೂ?"

ತೀರದಕ್ಕ ಹೌದು ಅಂದಳು. ಅದು ನಿಜವೂ ಆಗಿತ್ತು. ಆದರೆ ಹುಡುಗಿ ಪುಸ್ತಿಕೆ ಮುಚ್ಚಿ ಅಪ್ಪನ ಮುಖ ನೋಡಿದಳು. ಅವರು ಆರನೇ ತೀರಕ್ಕೆ ಹೋಗಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟುಹೋದರು.

ಕಚೇರಿಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇದು ಇನ್ನು ಯಾರಿಗೆ ಗೊತ್ತು ಎಂದು ಕೇಳಿದರು. ಈ ಕಾಲ ಮುಗಿಯಲಿ, ಮುಂದಿನ ವರ್ಷ ಸದ್ದಿಲ್ಲದೆ ತೆಗೆದರಾಯಿತು ಎಂಬುದು ಅವರ ಲೆಕ್ಕಾಚಾರ. ತೀರದಕ್ಕ ಎದ್ದು ಒಳಕೋಣೆಗೆ ಹೋಗಿ, ಒಂಬತ್ತನೇ ಪಿನ್ನು ಕಿತ್ತು ತಂದು ಅವರ ಮೇಜಿನ ಮೇಲಿಟ್ಟಳು. ಉಳಿದಿದ್ದ ಪುಸ್ತಿಕೆಗಳ ಆ ಪುಟಕ್ಕೆ ಅವಳೂ ಗಂಡನೂ ಎರಡು ದಿನ ಕೂತು ಬಿಳಿ ಕಾಗದ ಅಂಟಿಸಿದರು. ಆಗಲೇ ಅವನಿಗೂ ಹೇಳಿದಳು. ಅವನು ಅಂಟಿನ ಕುಂಚ ಕೆಳಗಿಡದೆ, "ಮೊದಲೇ ಹೇಳಿದ್ರೆ ನಾನೇ ಇಳಿದು ನೋಡ್ಕೊಂಡು ಬರ್ತಿದ್ದೆ" ಅಂದ.

ಆದರೆ ಹಂಚಿಹೋದವು ಹಂಚಿಹೋಗಿದ್ದವು. ಮೆಟ್ಟಿಲ ತಲೆಯಲ್ಲಿ ಎಚ್ಚರಿಕೆಯ ಫಲಕ ನೆಡಿಸಲು ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನವೂ ಅವಳು ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಳು. ಬಂದವರನ್ನೆಲ್ಲ ತಡೆದು ಹೇಳಿದಳು. ಹೆಚ್ಚಿನವರು ಕೇಳಿ ಹಿಂತಿರುಗಿದರು. ಐದನೇ ದಿನ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದು, ಪುಸ್ತಿಕೆಯ ಮುಖಪುಟ ತೋರಿಸಿ, ಇವಳಿಗೇನೋ ತಲೆ ಕೆಟ್ಟಿದೆ ಎಂಬಂತೆ ನಕ್ಕು ಇಳಿದುಹೋಯಿತು. ಅವರು ಮತ್ತೆ ಮೇಲೆ ಬರುವತನಕ, ಎರಡು ಗಂಟೆ ಇಪ್ಪತ್ತು ನಿಮಿಷ, ಅವಳು ನೀರಿನ ಮೇಲಿಂದ ಕಣ್ಣು ಕೀಳಲಿಲ್ಲ. ಬಂದವರು ಒದ್ದೆ ಕೂದಲು ಝಾಡಿಸುತ್ತ, ಎಷ್ಟು ಚೆನ್ನಾಗಿತ್ತು ಗೊತ್ತಾ ಅಂದರು. ಟೀ ಅಂಗಡಿಯವಳು ತೀರದಕ್ಕನ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಮುಂದಿನ ವರ್ಷ ಅವಳು ಹಳೆಯ ನಮೂನೆಗಳನ್ನೆಲ್ಲ ಹರಿದುಹಾಕಿ ಎಲ್ಲ ತೀರಗಳಿಗೂ ಹೊಸದಾಗಿ ಇಳಿದಳು, ಒಂದೊಂದಕ್ಕೆ ಎರಡು ಸಲ, ಇಳಿತದಲ್ಲೊಮ್ಮೆ, ಉಬ್ಬರದಲ್ಲೊಮ್ಮೆ. ಹದಿನಾಲ್ಕು ಹೋಗಿ ಹತ್ತು ಉಳಿದವು. ಬರೀ ಹತ್ತಾದರೆ ಸಾಲದು ಎಂದು ಯಜಮಾನರು ಗೊಣಗಿದರು. ಅವಳು ಪಟ್ಟಿಯನ್ನು ಮತ್ತೊಮ್ಮೆ ಓದಿ, ನಾಲ್ಕನೆಯದರ ಮೇಲೆ ಬೆರಳಿಟ್ಟು ಯೋಚಿಸಿದಳು. ಕಡಲು ತನ್ನ ತಳದ ಮರಳನ್ನು ಯಾರಿಗೂ ಹೇಳದೆ ಸರಿಸುತ್ತಿರುತ್ತದೆ. ಮೂರು ವಾರದ ಹಿಂದೆ ನೋಡಿದ್ದು ಇವತ್ತೂ ಹಾಗೇ ಇದ್ದೀತೇ? ಅಚ್ಚಿನವರಿಗೆ ಒಂದು ದಿನ ತಡೆಯಿರಿ ಎಂದು ಹೇಳಿಕಳಿಸಿ, ಬಸ್ಸಿನ ಹೊತ್ತು ನೋಡಿದಳು.