ಬೆರಳು ತಿಂದ ಗರಗಸಕ್ಕೆ ವಾಜ್ಬಿ ರೇಟು

ನನ್ನ ಎಡಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಇವೆ. ನಡುವಿನ ಮೂರು, ಜೇವರ್ಗಿಯಲ್ಲಿ ನಾನೂ ನನ್ನ ಅಣ್ಣನೂ ಕೂಡಿ ನಡೆಸುತ್ತಿದ್ದ ಫರ್ನಿಚರ್ ಅಂಗಡಿಯ ಕಟಿಂಗ್ ಮಷೀನಿಗೆ ಹೋದವು. ಆಮೇಲೆ ಬಾಗಿಲು, ಮಂಚ ಮಾಡುವ ಕೆಲಸ ನನ್ನಿಂದಾಗಲಿಲ್ಲ. ಆದರೆ ಮಷೀನಿನ ಸದ್ದು ಕೇಳಿದರೆ ಅದರ ಹೊಟ್ಟೆಯೊಳಗೆ ಏನು ಸವೆದಿದೆ ಎಂದು ಈಗಲೂ ತಿಳಿಯುತ್ತದೆ. ಹಾಗಾಗಿ ನಮ್ಮ ಕಡೆ ಯಾರಾದರೂ ಹಳೇ ಮಷೀನು ಕೊಳ್ಳುವುದಿದ್ದರೆ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಮುಟ್ಟಿ, ತಿರುಗಿಸಿ ನೋಡಿ, ಹೇಳಿದ ರೇಟು ವಾಜ್ಬಿ ಇದೆಯೋ, ಅಂದರೆ ನ್ಯಾಯವಾಗಿದೆಯೋ ಇಲ್ಲವೋ ಎಂದು ಹೇಳಬೇಕು. ಅಷ್ಟೇ ನನ್ನ ಕೆಲಸ.

ಹೋದ ವರ್ಷ ಆಳಂದದ ಒಬ್ಬ ಸಾಹುಕಾರ ಹೇಳಿ ಕಳಿಸಿದ. ಗಾಣಗಾಪುರದ ಲಾಡ್ಜುಗಳಿಗೆ ಮಂಚ, ಬಾಗಿಲು ಮಾಡಿಕೊಡುವ ಅಂಗಡಿ ತೆಗೆಯುವುದಿತ್ತು ಅವನಿಗೆ. ಅಫಜಲಪುರದಲ್ಲಿ ಒಂದು ಮಷೀನು ಮಾರಾಟಕ್ಕಿದೆ, ಮಾಲೀಕ ಎಂಬತ್ತು ಸಾವಿರ ಹೇಳುತ್ತಿದ್ದಾನೆ, ಬಂದು ನೋಡಬೇಕು ಎಂದ. ಅವನ ಜೀಪಿನಲ್ಲೇ ಹೊರಟೆವು. ಊರು ಹತ್ತಿರ ಬಂದಾಗ ಅವನು ನನ್ನ ಕಡೆ ತಿರುಗಿದ.

"ಮೇಸ್ತ್ರಿ, ಅಲ್ಲಿ ಹೋದ ಮ್ಯಾಲ ಕೈ ಕಿಸೆದಾಗ ಇಟ್ಕೋಬ್ಯಾಡ್ರಿ. ಎದುರಿನಾಂವಗ ಕಾಣ್ಲಿ. ಮಷೀನ್ ಅಂದ್ರ ಏನಂತ ಅವಗ ನೆನಪಾದ್ರ ರೇಟು ತಾನ ಇಳೀತದ."

ಹೇಳಿ ನಕ್ಕ. ಜೀಪು ಅವನದು, ದಾರಿಯಲ್ಲಿ ಕುಡಿದ ಚಹಾ ಅವನದು. ನಾನೂ ನಕ್ಕೆ.

ಮಾರುವವನು ಹೊಲಮನೆ ಚೆನ್ನಾಗಿದ್ದ ಕುಳ. ಹವ್ಯಾಸಕ್ಕೆಂಬಂತೆ ಫರ್ನಿಚರ್ ಶೆಡ್ಡು ಹಾಕಿ, ಈಗ ಬೇಸರವಾಗಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಡಲು ಹೊರಟಿದ್ದ. ತಾಡಪತ್ರಿ ಎಳೆದು ಮಷೀನು ತೋರಿಸಿದ. ಸೊಂಟದೆತ್ತರದ ದಪ್ಪ ಕಬ್ಬಿಣದ ಪೆಟ್ಟಿಗೆ, ಮೇಲೆ ನುಣುಪಾದ ಕಬ್ಬಿಣದ ಮೇಜು, ನಡುವೆ ಅರ್ಧ ಹೊರಗೆ ಕಾಣುವ ದುಂಡನೆಯ ಬ್ಲೇಡು. ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಬಣ್ಣಕ್ಕೆ ನಾನು ಬೆಲೆ ಕಟ್ಟುವುದಿಲ್ಲ. ಬ್ಲೇಡು ಹಿಡಿದು ಅಲುಗಿಸಿದೆ, ಬೇರಿಂಗು ಗಟ್ಟಿಯಿತ್ತು. ಬೆಲ್ಟು ಹೊಸದು. ಚಾಲು ಮಾಡಿ ಮೇಜಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದೆ. ಬೀಳಲಿಲ್ಲ. ಮೋಟರಿನ ಸದ್ದಿನಲ್ಲಿ ದೋಷವಿರಲಿಲ್ಲ. ಬೇರೇನೂ ಕೆಡದಿದ್ದರೆ ಅರವತ್ತೈದಕ್ಕೆ ಇದು ವಾಜ್ಬಿ ಎಂದು ಮನಸ್ಸಿನಲ್ಲಿ ಎಣಿಸಿಕೊಂಡೆ.

ಆಮೇಲೆ ಗೈಡು ನೋಡಲು ಬಗ್ಗಿದೆ. ಗೈಡು ಎಂದರೆ ಕಟ್ಟಿಗೆಯನ್ನು ಆನಿಸಿ ಬ್ಲೇಡಿನ ಕಡೆ ತಳ್ಳುವ ಉದ್ದನೆಯ ಪಟ್ಟಿ. ಅದು ಓಡಾಡುವ ಸಲಾಕೆಯ ಮೇಲೆ ಅಳತೆಗಾಗಿ ಯಾರೋ ಉಳಿಯಿಂದ ಗೀರು ಹಾಕಿದ್ದರು. ಗೀರಿನ ಕೆಳಗೆ ಕನ್ನಡ ಅಂಕಿಗಳು. ೧, ೨, ೩, ೪. ಐದು ಮಾತ್ರ ಸ್ವಲ್ಪ ಸೊಟ್ಟ, ಯಾಕೆಂದರೆ ಅದನ್ನು ಕೊರೆಯುವಾಗ ಉಳಿ ಜಾರಿತ್ತು.

ಜಾರಿದ್ದು ನನ್ನ ಕೈಯಿಂದ. ಕಂಪನಿಯ ಪಟ್ಟಿ ಸವೆದು ಹೋದಾಗ ನಾನೇ ಕೂತು ಕೊರೆದ ಅಂಕಿಗಳು ಅವು. ನಾನು ಕಲಬುರಗಿಯ ದವಾಖಾನೆಯಲ್ಲಿ ಮಲಗಿದ್ದಾಗ ಅಣ್ಣ ಬಂದು ಹೇಳಿದ್ದ: "ಗುಜರಿಗೆ ಹಾಕೀನಿ ತಮ್ಮಾ. ಇನ್ನ ಅದರ ಮುಖ ನೀ ನೋಡೂದು ಬ್ಯಾಡ." ಆಗ ನಾನು ಅತ್ತಿದ್ದೆ. ಅಣ್ಣನ ಮೇಲಿನ ಪ್ರೀತಿಗೆ.

ಎದ್ದು ನಿಂತು ಬ್ಲೇಡಿನ ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದೆ. ಅದನ್ನು ಮುಂದೆ ತಂದು ಗೈಡಿನವರೆಗೆ ಅಳೆದೆ, ಹಿಂದೆ ತಿರುಗಿಸಿ ಮತ್ತೆ ಅಳೆದೆ. ಅಳೆಯುವ ಮೊದಲೇ ಗೊತ್ತಿತ್ತು. ಹಿಂದಿನ ಜಾಗ ಬೆಂಕಿಪೆಟ್ಟಿಗೆಯ ರಟ್ಟಿನಷ್ಟು ಕಡಿಮೆ. ಮೇಜು ಅಷ್ಟು ಸೊಟ್ಟ ಕೂತಿತ್ತು. ಹಾಗಿದ್ದಾಗ ಕಟ್ಟಿಗೆ ಹಿಂದುಗಡೆ ಸಿಕ್ಕಿ, ಬ್ಲೇಡು ಅದನ್ನು ಎತ್ತಿ ನಮ್ಮ ಮೈಮೇಲೆ ಎಸೆಯುತ್ತದೆ. ಕಟ್ಟಿಗೆ ಹಿಡಿದ ಕೈಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮೇಜಿನ ಕೆಳಗಿನ ಬೋಲ್ಟು ಸಡಿಲಿಸಿ, ತಟ್ಟಿ ಕೂಡಿಸಿದರೆ ಸರಿಹೋಗುವ ಕೆಲಸ. ಅಂಗಡಿ ಒಂದು ಹೊತ್ತು ಮುಚ್ಚೋಣ ಎಂದು ಅಣ್ಣನಿಗೆ ಹೇಳಿದ್ದೆ. ಮದುವೆ ಹಂಗಾಮಿನ ಮಂಚಗಳು ಮುಗೀಲಿ, ಆಮೇಲೆ ನೋಡೋಣ ಎಂದಿದ್ದ. ಮಂಚಗಳು ಮುಗಿದವು. ಕೊನೆಯ ಎರಡು ಅಣ್ಣನೊಬ್ಬನೇ ಮುಗಿಸಿದ.

ಶೆಡ್ಡಿನಲ್ಲಿ, ಮಷೀನಿನ ಮುಂದೆ ನಿಲ್ಲುವವನ ಬೆನ್ನ ಹಿಂದಿನ ತಗಡಿನ ಗೋಡೆ ಸೊಂಟದ ಎತ್ತರದಲ್ಲಿ, ಎಸೆದ ಕಟ್ಟಿಗೆ ಬಡಿದ ಹಾಗೆ, ಅಲ್ಲಲ್ಲಿ ನೆಗ್ಗಿತ್ತು.

"ಇದೇನ್ರಿ?" ಎಂದೆ.

"ದನ ಹಾಯ್ದಾವ್ರಿ," ಎಂದ ಮಾಲೀಕ. ಆಮೇಲೆ ಮಾತು ತಿರುಗಿಸಲು ಸಲಾಕೆ ತೋರಿಸಿದ. "ಇದರ ಮ್ಯಾಲ ಯಾವನೋ ಹುಚ್ಚ ಗೀಚ್ಯಾನ, ಅದೊಂದು ಬಿಟ್ರ ಮಷೀನಿಗೆ ಕಲೆ ಇಲ್ಲ."

"ಮೊದಲಿನ ಮಾಲೀಕರ ಕಡೆ ಏನರ ತೊಂದರಿ ಆಗಿತ್ತೇನು?" ಸಾಹುಕಾರ ಕೇಳಿದ.

"ಆಗಿದ್ದು ಮಷೀನಿಂದಲ್ರಿ. ಜೇವರ್ಗ್ಯಾಗ ಅಣ್ಣ ತಮ್ಮ ನಡಸ್ತಿದ್ರು. ತಮ್ಮ ಕುಡುಕ. ಮುಂಜಾನಿನ ಕುಡದು ಬಂದು ಕೈ ಇಟ್ಟಾನ, ಬೆರಳು ಹೋಗ್ಯಾವ. ಅವನ ಅಣ್ಣನ ಬಾಯಿಲೇ ಹೇಳ್ಯಾನ, ಮಷೀನ್ ಬಂಗಾರದಂಥದ್ದು, ನನ್ನ ತಮ್ಮಂದೇ ಹೊಲಸು ಅಂತ. ಅದಕ್ಕ ಅಂವ ಕೇಳಿದಷ್ಟು ಕೊಟ್ಟು ತಂದೀನಿ."

ಸಾಹುಕಾರ ನನ್ನ ಕೈ ನೋಡಿದ. ಸಲಾಕೆ ನೋಡಿದ. ಮತ್ತೆ ನನ್ನ ಕೈ ನೋಡಿದ.

"ಮೇಸ್ತ್ರಿ, ಇದು ನಿಮ್ಮ ಮಷೀನೇನ್ರಿ?"

"ಹೌದ್ರಿ."

ಅವನ ಮುಖದಲ್ಲಿ ಅರಳಿದ ಸಂತೋಷವನ್ನು ನಾನು ಮರೆಯಲಾರೆ. ನನ್ನ ಮಣಿಕಟ್ಟು ಹಿಡಿದು ಎತ್ತಿ ಮಾಲೀಕನ ಮುಖದ ಮುಂದೆ ಹಿಡಿದ. "ನೋಡ್ರಿ ಇಲ್ಲಿ! ಬೆರಳು ತಿಂದ ಮಷೀನ್ ಇದು. ಐವತ್ತರ ಮ್ಯಾಲ ಒಂದು ಪೈಸೆ ಕೊಡಂಗಿಲ್ಲ."

ಮಾಲೀಕ ಒಂದು ಕ್ಷಣ ಗಾಬರಿಯಾದ. ಆಮೇಲೆ ಗಟ್ಟಿಯಾದ. "ಅಂದ್ರ ಕುಡದಿದ್ದಾಂವ ಇಂವನ ಅಂದಂಗಾತು. ಮಷೀನಿಂದೇನು ತಪ್ಪು?"

"ನಾ ಕುಡಿಯೂದಿಲ್ರಿ," ಎಂದೆ.

"ಅವತ್ತು?"

"ಅವತ್ತೂ ಇಲ್ಲ. ಯಾವತ್ತೂ ಇಲ್ಲ."

"ಯಾವ ಕುಡುಕ ಹೌದು ಅಂತಾನ್ರಿ?" ಮಾಲೀಕ ಸಾಹುಕಾರನಿಗೆ ಹೇಳಿದ. ಆಮೇಲೆ ನನಗೆ, "ಜೇವರ್ಗ್ಯಾಗ ಯಾವ ಓಣಿ ನಿಮ್ಮದು?"

ಹೇಳಿದೆ. ನಮ್ಮ ಓಣಿಯ ಹೆಸರು ಕೇಳಿದರೆ ಈ ಸೀಮೆಯಲ್ಲಿ ಬೇರೇನೂ ಕೇಳಬೇಕಾಗಿಲ್ಲ. ನಮ್ಮಪ್ಪನ ಕಾಲಕ್ಕೇ ನಮ್ಮ ಮನೆ ಬುದ್ಧನ ದಾರಿ ಹಿಡಿದು ಕುಡಿತ ಬಿಟ್ಟಿತ್ತು ಎಂದು ಯಾರಿಗೆ ಹೇಳುವುದು? ಮಾಲೀಕ ಸಾಹುಕಾರನ ಕಡೆ ನೋಡಿ ನಕ್ಕ. ಸಾಹುಕಾರನೂ ನಕ್ಕುಬಿಟ್ಟ. ಆ ನಗುವಿನಿಂದ ಅವನಿಗೇ ನಷ್ಟವಿತ್ತು, ಆದರೂ ತಡೆಯಲಾಗಲಿಲ್ಲ ಅವನಿಗೆ.

ಆಮೇಲೆ ಅವರಿಬ್ಬರೂ ನನ್ನ ಎದುರಿಗೇ ಚೌಕಾಶಿಗೆ ಇಳಿದರು. ಮಷೀನಿನ ಚೌಕಾಶಿಯಲ್ಲ. ನಾನು ಕುಡಿದಿದ್ದೆನೋ ಇಲ್ಲವೋ ಎಂಬುದರ ಚೌಕಾಶಿ. ಕುಡಿದಿದ್ದರೆ ಮಾಲೀಕನಿಗೆ ಲಾಭ, ಇಲ್ಲದಿದ್ದರೆ ಸಾಹುಕಾರನಿಗೆ.

"ಮುಂಜಾನಿ ಮುಂಜಾನಿ ಯಾರ್ರಿ ಕುಡೀತಾರ?"

"ರಾತ್ರೀದು ಇಳದಿರಂಗಿಲ್ರಿ."

"ಇಂವ ನಂಬಿಗಸ್ಥ ಮನುಷ್ಯಾರಿ. ನಾಕು ಊರಾಗ ಕೇಳ್ರಿ."

"ಬೆರಳು ಹೋದ ಮ್ಯಾಲ ಎಲ್ಲಾರೂ ಶಾಣ್ಯಾರಾಗ್ತಾರ. ಒಡಹುಟ್ಟಿದಾಂವನ ಸುಳ್ಳು ಹೇಳ್ತಾನೇನು?"

ಎಂಬತ್ತು ಎಪ್ಪತ್ತೈದಾಯಿತು, ಐವತ್ತು ಅರವತ್ತಾಯಿತು. ಕೊನೆಗೆ ಮಾಲೀಕನೇ ಕೈ ಚಾಚಿದ. "ಹೋಗ್ಲಿ ಬಿಡ್ರಿ. ಅರ್ಧಾ ಕುಡದಿದ್ದ ಅಂತ ಇಟ್ಕೊಳ್ರಿ. ಅರವತ್ತೈದು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಸಾಹುಕಾರ ನನ್ನನ್ನು ಪಕ್ಕಕ್ಕೆ ಕರೆದ. "ವಾಜ್ಬಿ ಅದನ್ರಿ ಮೇಸ್ತ್ರಿ?"

"ವಾಜ್ಬಿ ಅದರಿ. ಮೇಜು ಒಂಚೂರು ಸೊಟ್ಟ ಅದ, ಅದನ್ನ ನಾ ಬಂದು ನೆಟ್ಟಗ ಕೂಡಸ್ತೀನಿ," ಎಂದೆ.

ಸುಳ್ಳು ಹೇಳಲು ಆಗಲಿಲ್ಲ. ಮಷೀನಿನ ಬೆಲೆ ಅಷ್ಟೇ ಇತ್ತು.

ವಾಪಸು ಬರುವಾಗ ಒಂದೊಂದೇ ಹೊಳೆಯತೊಡಗಿತು. ಕೈ ಮಾಗಿದ ವರ್ಷ ಅಫಜಲಪುರದ ಒಂದು ಕಟ್ಟಿಗೆ ಅಡ್ಡೆಗೆ ಮೇಲ್ವಿಚಾರಣೆಯ ಕೆಲಸ ಕೇಳಿ ಹೋಗಿದ್ದೆ. ಅದರ ಧಣಿ ಹತ್ತಿರ ಕರೆದು, ನನ್ನ ಬಾಯಿಗೆ ಮೂಗು ತಂದು ಮೂಸಿ ನೋಡಿದ್ದ. ವಾಸನೆ ಬರಲಿಲ್ಲ ಎಂದು ಇನ್ನೊಮ್ಮೆ ಮೂಸಿದ್ದ. ಅವನ ಕೆಲಸಗಾರರೆಲ್ಲ ನೋಡುತ್ತ ನಿಂತಿದ್ದರು. ನಾಳೆ ಹೇಳುತ್ತೇನೆ ಎಂದವನು ಮತ್ತೆ ಹೇಳಲೇ ಇಲ್ಲ. ಅವನ ಸ್ವಭಾವವೇ ಹಾಗೆ ಎಂದುಕೊಂಡಿದ್ದೆ. ನನ್ನ ಮಗಳನ್ನು ನೋಡಲು ಆ ಕಡೆಯಿಂದ ಬಂದ ಬೀಗರು ಊಟಕ್ಕೆ ಕೂತವರು ಎದ್ದು ಹೋಗಿದ್ದರು. ನನ್ನ ಕೈ ನೋಡಿ ಹೇಸಿದರು ಎಂದು ಹೆಂಡತಿ ವಾರಗಟ್ಟಲೆ ಅತ್ತಿದ್ದಳು.

ಮಷೀನು ಗಾಣಗಾಪುರಕ್ಕೆ ಹೋಯಿತು. ಹಿಂದಿನಿಂದ ನಾನೂ ಹೋಗಿ, ಬೋಲ್ಟು ಸಡಿಲಿಸಿ ಮೇಜು ನೇರ ಕೂಡಿಸಿದೆ. ಎರಡು ಬೆರಳಿನ ಕೈಯಿಂದಲೂ ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಮುಗಿದ ಮೇಲೆ ಮಷೀನಿನ ಪಕ್ಕದಲ್ಲಿ ಕೂತೆ. ಇಷ್ಟೇ ಕೆಲಸವಾ ಎಂದು ಸಾಹುಕಾರ ಬೇಸರದಿಂದ ಕೇಳಿದ. ಇಷ್ಟೇ ಎಂದೆ.

ಅಲ್ಲಿಂದ ಬಂದವನು ಮನೆಗೆ ಹೋಗದೆ ನೇರ ಅಣ್ಣನ ಹತ್ತಿರ ಹೋದೆ. ಅವನದು ಈಗ ಜೇವರ್ಗಿಯಲ್ಲಿ ಪ್ಲೈವುಡ್ ಅಂಗಡಿ.

"ನಮ್ಮ ಮಷೀನ್ ಮತ್ತ ಮಾರಾಟ ಆತು. ನಾ ಕುಡದಿದ್ದೆ ಅಂತ ಯಾಕ ಹೇಳಿದಿ?"

ಅವನು ಶೀಟು ಅಳೆಯುತ್ತಿದ್ದ, ಅಳೆಯುತ್ತಲೇ ಇದ್ದ. "ಮತ್ತೇನು ಹೇಳ್ಬೇಕಿತ್ತಲೇ? ಮಷೀನ್ ಸೊಟ್ಟ ಅದ, ನನ್ನ ತಮ್ಮನ ಬೆರಳು ತಿಂದದ ಅಂತ ಹೇಳಿದ್ರ ಗುಜರಿ ರೇಟಿಗೆ ಕೇಳ್ತಿದ್ದ. ದವಾಖಾನ್ಯಾಗ ರೊಕ್ಕ ಕಟ್ಟು, ಇಲ್ಲಂದ್ರ ಹೆಬ್ಬಟ್ಟೂ ಹೋಗ್ತದ ಅಂತ ಕುಂತಿದ್ರು. ನಿನ್ನ ಹೆಬ್ಬಟ್ಟು ಹ್ಯಾಂಗ ಉಳೀತು ಅಂತ ತಿಳದಿ?"

ನಾನು ಹೆಬ್ಬೆರಳು ನೋಡಿಕೊಂಡೆ. ಹೊಲಿಗೆಯ ಗುರುತು ಈಗಲೂ ಇದೆ. ಅವನು ಹೇಳಿದ್ದು ಖರೆಯೇ ಇತ್ತು, ಅದೇ ನನಗೆ ಹೆಚ್ಚು ಉರಿಯಿತು.

"ಸೊಟ್ಟ ಇದ್ದದ್ದು ನಿನಗ ಗೊತ್ತಿತ್ತು," ಎಂದೆ.

ಅವನು ಟೇಪನ್ನು ಇನ್ನೊಂದು ಶೀಟಿನ ಮೇಲೆ ಎಳೆದ. "ಈಗೆಷ್ಟಕ್ಕ ಹೋತು?" ಎಂದ. ಹೇಳಿದೆ. "ನಾ ಎಪ್ಪತ್ತಕ್ಕ ಮಾರಿದ್ದೆ," ಎಂದ, ಹೆಮ್ಮೆಯಿಂದ.

ನನ್ನ ಜೊತೆ ಅಫಜಲಪುರಕ್ಕೆ ಒಮ್ಮೆ ಬಾ, ಆ ಅಡ್ಡೆಯ ಧಣಿಯ ಮುಂದೆ, ಆ ಬೀಗರ ಮುಂದೆ, ನನ್ನ ತಮ್ಮ ಕುಡಿದಿರಲಿಲ್ಲ ಎಂದು ಒಂದು ಮಾತು ಹೇಳು ಎಂದು ಕೇಳಿದೆ. ಅಣ್ಣ ಟೇಪು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದ.

"ಈಗ ಹೋಗಿ ಹೇಳಿದ್ರ ನಾ ಸುಳ್ಳ ಆಗ್ತೇನಿ. ನಾಳಿ ನನ್ನ ಪ್ಲೈವುಡ್ ಯಾರು ತಗೋತಾರ? ನೀ ಹ್ಯಾಂಗೂ ಕೈ ಕಳಕೊಂಡಾಂವ. ಒಬ್ಬಂದರ ಹೆಸರು ಉಳೀಲಿ ಬಿಡು."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಎದ್ದು ಬಂದೆ. ಮನೆಯಲ್ಲಿ ಹೆಂಡತಿಗೂ ಮಗಳಿಗೂ ನಡೆದದ್ದೆಲ್ಲ ಹೇಳಿದೆ. ಹೆಂಡತಿ ಅಣ್ಣನಿಗೆ ಶಾಪ ಹಾಕಿದಳು. ಮಗಳು ಮಾತ್ರ, "ಅಪ್ಪಾ, ಅವರು ನಿನ್ನ ಕೈ ನೋಡಿ ಹೋಗಿರಲಿಲ್ಲ ಹಂಗಾರ," ಎಂದಳು. ಅದರಲ್ಲಿ ಅವಳಿಗೆ ಏನು ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ.

ಹೋದ ತಿಂಗಳು ಅಣ್ಣ ಹೇಳಿ ಕಳಿಸಿದ್ದ. ಯಡ್ರಾಮಿಯಲ್ಲಿ ಕಟ್ಟಿಗೆ ನುಣುಪು ಮಾಡುವ ಒಂದು ಹಳೇ ರಂದಾ ಮಷೀನು ಸಿಗುತ್ತಿದೆ, ರೇಟು ವಾಜ್ಬಿಯೋ ನೋಡಿ ಹೇಳಬೇಕಂತೆ. ಹೋದೆ. ಮಷೀನು ಚೆನ್ನಾಗಿತ್ತು, ರೇಟೂ ಸರಿಯಿತ್ತು, ಹಾಗೆಯೇ ಹೇಳಿದೆ. ಆಮೇಲೆ ಎಲ್ಲರ ಹತ್ತಿರ ಕೇಳುವಂತೆ ನನ್ನ ಕೂಲಿ ಕೇಳಿದೆ. ಅಣ್ಣ ತಮಾಷೆ ಎಂದುಕೊಂಡು ನಕ್ಕ. ನಾನು ನಗದೆ ನಿಂತಿದ್ದು ನೋಡಿ ಕಿಸೆಗೆ ಕೈ ಹಾಕಿದ.