ನನ್ನ ಭಾನುವಾರ ಕಸಿದುಕೊಂಡವಳು

ನಿಂಬೆಹಣ್ಣನ್ನು ಕೊಯ್ಯುವ ಮೊದಲು ಅವಳು ಅದನ್ನು ಅಡುಗೆಕಟ್ಟೆಯ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಂದೆ ಮುಂದೆ ಉರುಳಿಸುತ್ತಿದ್ದಳು. ಕೈಗಡಿಯಾರ ಬಿಚ್ಚುತ್ತಿರಲಿಲ್ಲ, ಮೊಣಕೈವರೆಗೆ ಏರಿಸಿಬಿಡುತ್ತಿದ್ದಳು. ತೆಳ್ಳಗಿನ ಕೈ, ಗಡಿಯಾರ ಹೇಳಿದಲ್ಲಿ ನಿಲ್ಲುತ್ತಿತ್ತು. ನನ್ನ ಕೈಯಲ್ಲಾದರೆ ಅದೇ ಪಟ್ಟಿ ಮಣಿಕಟ್ಟು ದಾಟುವುದಿಲ್ಲ. ಅವಳು ಮೊದಲ ಸಲ ನನ್ನ ಅಡುಗೆಮನೆಯಲ್ಲಿ ಹಾಗೆ ನಿಂತಾಗ ನನಗೆ ನಿಂಬೆಯೂ ಕಾಣಲಿಲ್ಲ, ಕೋಳಿಯೂ ಕಾಣಲಿಲ್ಲ. ಆ ಕೈಯೊಂದೇ ಕಂಡಿತು.

ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ಹುಟ್ಟಿ ಬೆಳೆದದ್ದೆಲ್ಲ ಠಾಣೆ ಶಹರದಲ್ಲಿ. ಅಪ್ಪನಿಗೆ ಸ್ವಂತ ಹೋಟೆಲು, ಓದಿದ್ದು ಕಾನ್ವೆಂಟಿನಲ್ಲಿ. ಮನೆಯಲ್ಲಿ ನಾವೆಲ್ಲ ತುಳು ಮಾತಾಡುವವರು. ಅವಳ ತುಳುವಿನಲ್ಲಿ ಹಿಂದಿ ಇತ್ತು, ಹಿಂದಿಯಲ್ಲಿ ಮರಾಠಿ ಇತ್ತು, ಸಿಟ್ಟು ಬಂದರೆ ಇಂಗ್ಲಿಷು. ಏನು ಕೇಳಿದರೂ "ಚಲೇಗಾ ಅಕ್ಕ", ನಡೆಯುತ್ತದೆ ಬಿಡಿ, ಅನ್ನುತ್ತಿದ್ದಳು. ಲೋಕಲ್ ಗಾಡಿ ತಪ್ಪಿದರೂ ಚಲೇಗಾ, ಹಾಲು ಉಕ್ಕಿದರೂ ಚಲೇಗಾ. ನನ್ನ ಬದುಕಿನಲ್ಲಿ ಯಾವುದೂ ಹಾಗೆ ಸುಮ್ಮನೆ ನಡೆದದ್ದಿಲ್ಲ, ಎಲ್ಲವನ್ನೂ ತಳ್ಳಿ ತಳ್ಳಿ ನಡೆಸಬೇಕಾಗಿತ್ತು.

ನನ್ನ ವಿಷಯ ಸ್ವಲ್ಪ ಹೇಳದೆ ಅವಳ ವಿಷಯ ಹೇಳಲಾರೆ. ನಮ್ಮಪ್ಪ ಕಲ್ಯಾಣದ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತು ಆಯುಷ್ಯ ಕಳೆದವರು. ಅಪ್ಪನ ಕಡೆಯಲ್ಲಾಗಲಿ ಅಮ್ಮನ ಕಡೆಯಲ್ಲಾಗಲಿ ಪದವಿ ಅಂತ ಮಾಡಿದವರು ಯಾರೂ ಇರಲಿಲ್ಲ. ನಾನು ಹಗಲು ಒಂದು ಕಂಪನಿಯಲ್ಲಿ ಟೈಪಿಂಗ್ ಮಾಡಿ, ಸಂಜೆ ಕಾಲೇಜಿಗೆ ಹೋಗಿ, ಒಂದು ಸಲ ಫೇಲಾಗಿ, ಮತ್ತೆ ಬರೆದು ಬಿ.ಕಾಂ. ಆದೆ. ಅಪ್ಪ ಸರ್ಟಿಫಿಕೇಟಿನ ಮೂಲೆಗೆ ನನ್ನ ಫೋಟೋ ಅಂಟಿಸಿ, ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದರು. ಮದುವೆಯಾಗಿ ಡೊಂಬಿವಲಿಗೆ ಬರುವಾಗ ಅದನ್ನೂ ಸೀರೆಯಲ್ಲಿ ಸುತ್ತಿಕೊಂಡು ಬಂದೆ. ಈಗಲೂ ಹಾಲಿನ ಗೋಡೆಯ ಮೇಲಿದೆ, ಯಾರು ಬೇಕಾದರೂ ನೋಡಬಹುದು.

ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅದರ ಮುಂದೆ ನಿಂತು, "ಅಕ್ಕ, ನಿಮ್ಮ ಫೋಟೋ ಎಷ್ಟು ಸೀರಿಯಸ್ ಇದೆ" ಅಂದಳು.

"ನಿನ್ನದು ಎಲ್ಲಿದೆ?" ಅಂತ ಕೇಳಿದೆ.

"ಸರ್ಟಿಫಿಕೇಟಾ? ಕಾಲೇಜಿನಲ್ಲೇ ಇರಬೇಕು. ತರಲು ಹೋಗಲೇ ಇಲ್ಲ."

ಅಹಂಕಾರದ ಮಾತಲ್ಲ, ನಿಜವಾಗಿಯೂ ಅವಳಿಗೆ ನೆನಪಾಗಿರಲಿಲ್ಲ. ಅಹಂಕಾರವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಹಲ್ಲು ಕಚ್ಚಿ ಗಳಿಸಿದ್ದನ್ನು ಈ ಹುಡುಗಿ ಛತ್ರಿ ಮರೆತ ಹಾಗೆ ಮರೆತುಬಂದಿದ್ದಾಳೆ ಎನ್ನುವುದು ಅವತ್ತು ಹೊಟ್ಟೆಯೊಳಗೆ ಕೂತದ್ದು ಏಳಲೇ ಇಲ್ಲ.

ಆದರೆ ನನ್ನದು ಅಂತ ಒಂದು ರಾಜ್ಯವಿತ್ತು: ಭಾನುವಾರದ ಕೋಳಿ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರಿಂದ ಅಡುಗೆಮನೆ ಬಂದ ದಿನದಿಂದಲೇ ನನ್ನದಾಗಿತ್ತು. ವಾರವಿಡೀ ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಯ ಆಫೀಸಿಗೆ ಓಡುವವಳಿಗೆ, ಮನೆಯವರಿಗೆ ಸರಿಯಾಗಿ ಅಡುಗೆ ಮಾಡಿ ಬಡಿಸಲು ಇದ್ದದ್ದು ಅದೊಂದೇ ದಿನ. ಬೆಳಗ್ಗೆ ಮಾವ ಕೋಳಿ ತರುತ್ತಿದ್ದರು. ನಾನು ಮೆಣಸು, ಕೊತ್ತಂಬರಿ ಹುರಿದು, ತೆಂಗಿನಕಾಯಿ ತುರಿದು, ಸುಕ್ಕ ಮಾಡಿ ಇಳಿಸುವ ಹೊತ್ತಿಗೆ ಠಾಣೆಯ ನೌಪಾಡಾದಿಂದ ಮೈದುನ, ಅವಳು ಬರುತ್ತಿದ್ದರು. ಮಾವ ಮೊದಲ ತುತ್ತು ತಿಂದು ತಟ್ಟೆಯನ್ನು ಮತ್ತೆ ಮುಂದೆ ಚಾಚುತ್ತಿದ್ದರು. ಹಾಗೆ ಚಾಚಿದರೆ ನನ್ನ ವಾರದ ಸುಸ್ತೆಲ್ಲ ಇಳಿಯುತ್ತಿತ್ತು.

ಅವಳು ಊಟಕ್ಕೆ ಕೂತಾಗ ಎರಡು ತುಂಡು ಹಾಕಿಸಿಕೊಂಡು, "ಸಾಕು ಅಕ್ಕ, ಡಯೆಟ್" ಅನ್ನುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಅಡುಗೆಮನೆಗೆ ಬಂದು, ಪಾತ್ರೆಯ ತಳಕ್ಕೆ ಹಿಡಿದ ಮಸಾಲೆಯನ್ನು ರೊಟ್ಟಿ ಚೂರಿನಿಂದ ಕೆರೆದು ಕೆರೆದು ನಿಂತಲ್ಲೇ ತಿನ್ನುತ್ತಿದ್ದಳು. ಕೈಗಡಿಯಾರ ಮೊಣಕೈಯಲ್ಲಿ, ತುಟಿಯೆಲ್ಲ ಕೆಂಪು.

"ಯಾರಿಗೂ ಹೇಳಬೇಡಿ ಅಕ್ಕ. ನನ್ನ ಮರ್ಯಾದೆ ಹೋಗುತ್ತದೆ."

"ತಟ್ಟೆಯಲ್ಲಿ ಹಾಕಿಕೊಂಡು ತಿನ್ನಬಾರದಾ?"

"ತಟ್ಟೆಯಲ್ಲಿ ತಿಂದರೆ ತೂಕ ಬರುತ್ತದೆ. ನಿಂತು ತಿಂದದ್ದು ಲೆಕ್ಕಕ್ಕಿಲ್ಲ."

ನಾನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಮಾವನ ಎದೆ ಕೈಕೊಟ್ಟಿತು. ಠಾಣೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ತಪಾಸಣೆಗೆ ಹೋಗಿಬರಲು ಹತ್ತಿರ ಅಂತ ಅವರನ್ನು ನೌಪಾಡಾದ ಮನೆಯಲ್ಲೇ ಇರಿಸಿದರು. ಡಾಕ್ಟರು ತೆಂಗಿನಕಾಯಿ ನಿಲ್ಲಿಸಿದರು, ಎಣ್ಣೆ ನಿಲ್ಲಿಸಿದರು, ಉಪ್ಪು ಕಮ್ಮಿ ಅಂದರು. ಮಾವ ಅನ್ನದ ಗಂಜಿ ನೋಡಿದರೆ ಮುಖ ತಿರುಗಿಸುತ್ತಿದ್ದರು. "ಬದುಕಿಸಿದ್ದು ಇದನ್ನು ತಿನ್ನಲಿಕ್ಕಾ?" ಅಂತ ಮಗನನ್ನೇ ಕೇಳಿದ್ದರಂತೆ. ದಿನೇ ದಿನೇ ಇಳಿಯುತ್ತಿದ್ದರು.

ನೋಡಲು ಬಂದವರೆಲ್ಲ ಮೋಸಂಬಿ ತರುವವರೇ. ನಮ್ಮವರಿಗೆ ರೋಗಿ ಅಂದರೆ ಮೋಸಂಬಿ. ನೌಪಾಡಾದ ಮನೆಯಲ್ಲಿ ಟೀಪಾಯಿಯ ಕೆಳಗೆ, ಫ್ರಿಜ್ಜಿನ ಮೇಲೆ, ಬಾಲ್ಕನಿಯ ಬಕೆಟ್ಟಿನಲ್ಲಿ ಎಲ್ಲೆಲ್ಲೂ ಮೋಸಂಬಿ. ಮಾವ ರಸ ಕುಡಿದು ಕುಡಿದು ಬೇಸತ್ತಿದ್ದರು. ಆ ರಾಶಿಯನ್ನು ಏನು ಮಾಡುವುದು ಅಂತ ತಿಳಿಯದೆ ಅವಳು ಒಂದು ದಿನ ಅದನ್ನು ಕೋಳಿಗೆ ಹಾಕಿದಳು.

ಚರ್ಮ ತೆಗೆದ ಕೋಳಿಯ ತುಂಡುಗಳಿಗೆ ಚಾಕುವಿನಿಂದ ಗೀರು ಹಾಕಿ, ಜಜ್ಜಿದ ಬೆಳ್ಳುಳ್ಳಿಯನ್ನು ಧಾರಾಳವಾಗಿ ಗೀರಿನೊಳಗೆ ತುಂಬುತ್ತಿದ್ದಳು. ಕಾಳುಮೆಣಸು, ಚಿಟಿಕೆ ಉಪ್ಪು. ಆಗಷ್ಟೇ ಹಿಂಡಿದ ಮೋಸಂಬಿ ರಸದಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಂದು ಚಮಚ ಎಣ್ಣೆ ಸವರಿದ ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿಟ್ಟು ಸಣ್ಣ ಉರಿಯಲ್ಲಿ ಬೇಯಿಸುವುದು. ನೀರು ಹಾಕುವಂತಿಲ್ಲ. ಬೆಂದ ಮೇಲೆ ಮುಚ್ಚಳ ತೆಗೆದು ರಸ ಇಂಗಿಸಿ, ಬೆಂಕಿ ಆರಿಸಿ, ಕೊನೆಗೆ ಆ ಉರುಳಿಸಿದ ನಿಂಬೆ. ಅಷ್ಟೇ. ಮುಚ್ಚಳ ತೆಗೆದಾಗ ಬೆಳ್ಳುಳ್ಳಿಯ ವಾಸನೆ ಲಿಫ್ಟಿನವರೆಗೂ ಬರುತ್ತಿತ್ತು. "ನಾಲಗೆಗೆ ಗೊತ್ತಾಗಬೇಕು, ಹೊಟ್ಟೆಗೆ ಗೊತ್ತಾಗಬಾರದು" ಅನ್ನುವುದು ಅವಳ ಮಾತು.

ಮಾವ ಅದನ್ನು ತಿಂದು ತಟ್ಟೆ ಮುಂದೆ ಚಾಚಿದರು ಎಂದು ಮೈದುನ ಫೋನಿನಲ್ಲಿ ಹೇಳಿದ. ಖುಷಿಯ ಸುದ್ದಿ. ನಾನೂ ಖುಷಿಪಟ್ಟೆ. ಫೋನಿಟ್ಟ ಮೇಲೆ ಯಾಕೋ ಕಾಯಿ ತುರಿಯುವ ಮಣೆಯನ್ನು ಎತ್ತಿ ಮೇಲಿನ ಅಟ್ಟಕ್ಕೆ ಎಸೆದೆ.

ಮಾವ ಡೊಂಬಿವಲಿಗೆ ಹಿಂದಿರುಗಿದ ಮೇಲೆ ಭಾನುವಾರ ಅವಳದ್ದಾಯಿತು. ಬೆಳಗ್ಗೆಯೇ ಚೀಲದಲ್ಲಿ ಮೋಸಂಬಿ ತುಂಬಿಕೊಂಡು ಬರುವಳು. ಗಡಿಯಾರ ಮೇಲಕ್ಕೇರುವುದು. "ಅಕ್ಕ, ವಾರವೆಲ್ಲ ದುಡಿದಿದ್ದೀರಿ, ಕೂತುಕೊಳ್ಳಿ" ಅನ್ನುವಳು. ನನ್ನ ಮನೆಯಲ್ಲಿ ನನ್ನನ್ನೇ ಕೂರಿಸುವಳು. ನನ್ನ ಗಂಡ, ಆವರೆಗೆ ಸುಕ್ಕ ಬಿಟ್ಟು ಬೇರೆ ಕೋಳಿಯೇ ಗೊತ್ತಿಲ್ಲದವರು, "ತಿಂದ ಮೇಲೆ ನಿದ್ದೆ ಬರುವುದಿಲ್ಲ ಮಾರಾಯ್ತಿ, ಹಗುರ" ಅಂದರು. ನನ್ನ ಮಗಳು ಚಿಕ್ಕಮ್ಮನ ಪಕ್ಕದಲ್ಲಿ ಸ್ಟೂಲು ಹಾಕಿ ನಿಂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಕರೆದರೆ ಒಂದು ಈರುಳ್ಳಿ ಮುಟ್ಟದವಳು.

ತಿಂಗಳುಗಟ್ಟಲೆ ಸಹಿಸಿದೆ. ಒಂದು ಭಾನುವಾರ ಅವಳಿಗೆ ಜ್ವರ, ಬರುವುದಿಲ್ಲ ಎಂದು ಹಿಂದಿನ ದಿನವೇ ಗೊತ್ತಾಯಿತು. ನಾನೇ ಮಾಡುತ್ತೇನೆ ಅಂದೆ. ಇದರಲ್ಲಿ ಏನಿದೆ, ಸುಕ್ಕ ಮಾಡುವವಳಿಗೆ ಇದೊಂದು ಕಷ್ಟವಾ? ಗಾಡಿ ಹಿಡಿಯುವ ಹೆಂಗಸರ ಅಭ್ಯಾಸವೇ ಎಲ್ಲವನ್ನೂ ಹಿಂದಿನ ದಿನ ಸಿದ್ಧ ಮಾಡಿಡುವುದು. ಲೋಕಲ್ಲಿನಲ್ಲಿ ಕೂತು ಬಟಾಣಿ ಸುಲಿದು ಮನೆಗೆ ತರುವವರು ನಾವು. ಶನಿವಾರ ಸಂಜೆಯೇ ಮೋಸಂಬಿ ಹಿಂಡಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಭಾನುವಾರ ಕೋಳಿ ಬೆಂದಾಗ ರುಚಿ ನೋಡಿದರೆ ಕಹಿ. ಕಷಾಯದ ಹಾಗೆ ಕಹಿ. ಸಕ್ಕರೆ ಹಾಕಿದೆ, ಹೋಗಲಿಲ್ಲ. ಆಗ ಕರಾವಳಿಯವಳ ಬುದ್ಧಿ ಹೋಗುವಲ್ಲಿಗೇ ಹೋಯಿತು: ಡಾಕ್ಟರು ಬೇಡ ಅಂದದ್ದು ನಿಜ, ಆದರೆ ಒಂದೇ ಬಟ್ಟಲು ಕಾಯಿಹಾಲಿಗೆ ಏನಾದೀತು? ಹಾಕಿದೆ. ಅದರ ಮೇಲೆ ಅವಳ ಹಾಗೆಯೇ ನಿಂಬೆ ಹಿಂಡಿದೆ. ನೋಡುತ್ತಿದ್ದ ಹಾಗೆ ಕಾಯಿಹಾಲು ಒಡೆದು, ಬಾಣಲೆಯ ತುಂಬ ಬಿಳಿ ಬಿಳಿ ಚೂರು ತೇಲಿದವು.

ಹೊತ್ತಾಗಿತ್ತು, ಬಡಿಸಲೇಬೇಕಾಯಿತು. ಮಾವ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಜಗಿದರು. ನನ್ನ ಗಂಡ ತಲೆಯೆತ್ತಲಿಲ್ಲ.

"ಹೇಗಾಗಿದೆ ಮಾವ?"

"ಏನು ಹೇಳಲಿ ಮಗಾ. ನನ್ನ ಇಬ್ಬರು ಸೊಸೆಯರೂ ಒಂದೇ ಪಾತ್ರೆಯಲ್ಲಿ ಜಗಳ ಆಡಿದ ಹಾಗಿದೆ."

ಗಂಡ ನಕ್ಕರು, ಮಗಳು ನಕ್ಕಳು. ನಾನೂ ನಗಬೇಕಾಯಿತು. ಹಾಗಾದರೆ ಇವರಿಗೆ ಎಲ್ಲ ಗೊತ್ತಿದೆ ಎಂದು ಅವತ್ತೇ ತಿಳಿಯಿತು. ನಾನು ಬಾಯಿಬಿಟ್ಟು ಒಂದು ಮಾತು ಆಡಿದವಳಲ್ಲ.

ಮುಂದಿನ ವಾರ ಅವಳಿಗೆ ಇದನ್ನು ಹೇಳಿದವಳು ಮಗಳು. ಅವಳು ನಗಲಿಲ್ಲ. "ಮೋಸಂಬಿ ಹಿಂಡಿ ಇಟ್ಟರೆ ಕಹಿಯಾಗುತ್ತದೆ ಅಕ್ಕ, ನನಗೂ ಮೊದಲು ಆಗಿತ್ತು. ಬಕೆಟ್ಟಿಗೆ ಚೆಲ್ಲಿದೆ" ಅಂದಳು. ಆಮೇಲೆ ಮೆಲ್ಲಗೆ, "ಕಾಯಿಹಾಲಿನ ಐಡಿಯಾ ಕೆಟ್ಟದ್ದಲ್ಲ. ಮಾವನಿಗೆ ಅಲ್ಲ, ನಮಗೆ." ಅವಳು ಗೇಲಿ ಮಾಡಿದ್ದರೆ ನಾನು ತಿರುಗಿಸಿ ಕೊಡುತ್ತಿದ್ದೆ. ಅದಕ್ಕೂ ಜಾಗ ಕೊಡಲಿಲ್ಲ ಮಾರಾಯ್ತಿ.

ಮಾವ ಆ ಹಗುರ ಕೋಳಿ ತಿನ್ನುತ್ತಾ ವರ್ಷಗಟ್ಟಲೆ ಬದುಕಿದರು. ನನ್ನ ಮಗಳು ಹತ್ತನೇ ಇಯತ್ತೆ ಪಾಸಾದದ್ದನ್ನು ಕಂಡು, ಪೇಢೆ ಹಂಚಿ, ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಹೋದರು.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳು ಬಂತೆಂದರೆ ತೀರಿಹೋದವರಿಗೆ ಬಡಿಸುವ ಪದ್ಧತಿಯಿದೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆ ಹಾಕಿ ಬಡಿಸಿ, ಬಾಗಿಲೆಳೆದುಕೊಂಡು ಹೊರಗೆ ನಿಲ್ಲುವುದು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಮೀನು, ಕೋಳಿ ಎಲ್ಲ ನಡೆಯುತ್ತದೆ. ಮಾವನಿಗೆ ಮೊದಲ ಸಲ ಬಡಿಸುವ ಆಟಿ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಎಲೆಗೆ ಯಾರ ಕೋಳಿ? ಸತ್ತವರಿಗೆ ಡಾಕ್ಟರಿಲ್ಲ. ಆದರೆ ಕೊನೆಯ ಅಷ್ಟೂ ವರ್ಷ ಅವರು ಕೇಳಿ ತಿಂದದ್ದು ಅವಳದ್ದು. ಅವಳು ಚೀಲದಲ್ಲಿ ಮೋಸಂಬಿ ಹಿಡಿದು ಬಂದರೆ ಬೇಡ ಅನ್ನಲು ನನ್ನಲ್ಲಿ ಮಾತಿರಲಿಲ್ಲ. ವಾರವಿಡೀ ಗಾಡಿಯಲ್ಲಿ ಕೂತು ಆ ಮಾತನ್ನೇ ಹುಡುಕಿದೆ.

ಅವಳು ಬಂದಳು. ಚೀಲದಲ್ಲಿ ಎರಡು ತೆಂಗಿನಕಾಯಿ ಮಾತ್ರ ಇದ್ದವು.

"ಮೋಸಂಬಿ?" ಅಂತ ಕೇಳಿದೆ.

"ಯಾಕೆ ಅಕ್ಕ? ಮಾವ ನನ್ನದನ್ನು ತಿಂದದ್ದು ಔಷಧಿ ಅಂತ. ಔಷಧಿಯನ್ನು ಯಾರಾದರೂ ಎಲೆಗೆ ಬಡಿಸುತ್ತಾರಾ?" ಅಂದವಳೇ ಅಟ್ಟದಿಂದ ಮಣೆ ಇಳಿಸಿ, ಗಡಿಯಾರ ಮೇಲೇರಿಸಿ, ಕಾಯಿ ತುರಿಯಲು ಕೂತಳು.

ಗೆದ್ದೆ ಅಂತ ಅನಿಸಬೇಕಿತ್ತು. ಇದೊಂದು ಮಾತು ನನಗೆ ಹೊಳೆಯದೆ ಇವಳಿಗೆ ಹೇಗೆ ಹೊಳೆಯಿತು ಅಂತ ಅನಿಸಿತು. ಕೆಲವರಿಗೆ ಕೈಯೂ ತೆಳ್ಳಗೆ, ಮನಸ್ಸೂ ಹಗುರ. ಅವಳು ತುರಿದ ಕಾಯಿ ಹತ್ತಿಯ ಹಾಗೆ ಬೀಳುತ್ತಿತ್ತು, ಅದನ್ನೂ ನೋಡಿದೆ.

ಅವಳು ಹೋದದ್ದು ಅದಾಗಿ ಕೆಲವು ವರ್ಷಕ್ಕೆ, ಒಂದು ಮಳೆಗಾಲದಲ್ಲಿ. ಬರಿಯ ಜ್ವರ ಅಂದುಕೊಂಡಿದ್ದೆವು. ಆಸ್ಪತ್ರೆಗೆ ಸೇರಿಸುವಾಗ ಗಡಿಯಾರ, ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು, "ಭಾನುವಾರದೊಳಗೆ ಬಂದುಬಿಡುತ್ತೇನೆ ಅಕ್ಕ" ಅಂದಳು. ನಲವತ್ತೂ ದಾಟಿರಲಿಲ್ಲ. ನಾನು ಹೆಚ್ಚು ಬರೆಯಲಾರೆ.

ಮುಂದಿನ ಆಟಿಗೆ ಮೈದುನ ಫೋನು ಮಾಡಿದ. "ಅತ್ತಿಗೆ, ಅವಳ ಎಲೆಗೆ ಅವಳ ಚಿಕನ್ ನೀವೇ ಮಾಡುತ್ತೀರಲ್ಲ? ನಾನು ಮೋಸಂಬಿ ತರುತ್ತೇನೆ."

"ತನ್ನಿ," ಅಂದೆ. "ಅದು ನಮಗೆ. ಅವಳಿಗೆ ಬೇರೆ ಇದೆ."

ಅವಳ ಎಲೆಗೆ ಸುಕ್ಕ ಬಡಿಸಿದೆ. ಮೇಲಿನದ್ದಲ್ಲ, ಪಾತ್ರೆಯ ತಳದಿಂದ ಕೆರೆದದ್ದು, ಜೊತೆಗೆ ಮುರಿದ ರೊಟ್ಟಿ. ಮೈದುನ ವಿಚಿತ್ರವಾಗಿ ನೋಡಿದ. ನನ್ನ ಗಂಡ, "ಅವಳು ಇದನ್ನು ಎಲ್ಲಿ ತಿನ್ನುತ್ತಿದ್ದಳು?" ಅಂದರು. ಹದಿನೈದು ವರ್ಷ ಜೊತೆಗೆ ಉಂಡವರಿಗೂ ಗೊತ್ತಿರಲಿಲ್ಲ. ಯಾರಿಗೂ ಹೇಳಬೇಡಿ ಅಂದಿದ್ದಳು, ನಾನು ಹೇಳಲಿಲ್ಲ. ಪಕ್ಕದ ಎಲೆ ಮಾವನದ್ದು. ಬಾಗಿಲೆಳೆದುಕೊಂಡು ಹೊರಗೆ ನಿಂತಾಗ, ಈಗ ಒಳಗೆ ಮಾವ ತಟ್ಟೆ ಚಾಚುವುದು ಅವಳ ಕಡೆಗೇ ಅಂತ ಮನಸ್ಸಿಗೆ ಬಂತು, ಹೊತ್ತಿಗೆ ಮೊದಲೇ ಬಾಗಿಲು ತಟ್ಟಿಬಿಟ್ಟೆ. ಇಷ್ಟಾದ ಮೇಲೂ.

ಆಮೇಲೆ ನಾವು ಉಳಿದವರು ಊಟಕ್ಕೆ ಕೂತೆವು. ಮೋಸಂಬಿಯನ್ನು ಆಗಷ್ಟೇ ಹಿಂಡಿದ್ದೆ, ನೀರು ಹಾಕಿರಲಿಲ್ಲ, ಬೆಂಕಿ ಆರಿಸಿಯೇ ನಿಂಬೆ ಹಿಂಡಿದ್ದೆ. ಮಗಳು ಒಂದು ತುಂಡು ಬಾಯಿಗಿಟ್ಟು ತಟ್ಟೆ ನೋಡುತ್ತ ಕೂತಳು.

"ಚಿಕ್ಕಮ್ಮ ಜೈಸಾ ನಹೀ ಹುವಾ, ಮಮ್ಮಿ."

"ಅವಳ ಹಾಗಾಗಿಲ್ಲ, ಗೊತ್ತು," ಅಂದೆ. "ತಿನ್ನು."

ಈಗ ನನ್ನ ಗಂಡನಿಗೂ ಡಾಕ್ಟರು ತೆಂಗಿನಕಾಯಿ ನಿಲ್ಲಿಸಿದ್ದಾರೆ. ಪ್ರತಿ ಭಾನುವಾರ ಅದೇ ಕೋಳಿ. ಮಾಡುವವಳು ನಾನು, ಮನೆಯಲ್ಲಿ ಅದರ ಹೆಸರು ಮಾತ್ರ ಚಿಕ್ಕಮ್ಮನ ಚಿಕನ್. ಗೋಡೆಯ ಮೇಲಿನ ನನ್ನ ಹೆಸರಿಗೆ ಕಟ್ಟು ಬೇಕಾಯಿತು, ಗಾಜು ಬೇಕಾಯಿತು. ಅವಳ ಹೆಸರು ಬೆಳ್ಳುಳ್ಳಿಯ ವಾಸನೆಯ ಜೊತೆ ತಾನೇ ಬರುತ್ತದೆ. ಗಡಿಯಾರವನ್ನು ಮೈದುನ ವಾಪಸು ಕೇಳಲಿಲ್ಲ. ಭಾನುವಾರ ಅದನ್ನು ಕಟ್ಟಿಕೊಂಡು, ಮಣಿಕಟ್ಟಿನಿಂದ ಮೇಲೆ ಹೋಗದ್ದನ್ನು ಅಲ್ಲೇ ಬಿಟ್ಟು, ನಿಂಬೆಹಣ್ಣು ಉರುಳಿಸುತ್ತೇನೆ.